ಪಟ್ಟಾಭಿರಾಮರು ಥ್ರ್ಯಾಶ್ ಮೆಟಲ್ ಕೇಳಿದ್ದು

ಬೆಡೋಕ್‌ನ ನಮ್ಮ ಬ್ಲಾಕಿನಲ್ಲಿ ಯಾರಿಗಾದರೂ ಸಂಗೀತದ ಬಗ್ಗೆ ಸಂದೇಹ ಬಂದರೆ ಒಂಬತ್ತನೇ ಮಹಡಿಗೆ ಹೋಗಬೇಕು. ಸಂದೇಹ ಬರದಿದ್ದರೂ ತೊಂದರೆಯಿಲ್ಲ, ಒಂಬತ್ತನೇ ಮಹಡಿಯೇ ಲಿಫ್ಟಿನಲ್ಲಿ ಇಳಿದು, ಬ್ಲಾಕಿನ ಬುಡದಲ್ಲಿ ಎಲ್ಲರೂ ಕೂತು ಹರಟುವ ವಾಯ್ಡ್ ಡೆಕ್ಕಿಗೆ ಬರುತ್ತದೆ. ಅಲ್ಲಿರುವ ಪಟ್ಟಾಭಿರಾಮರು ಮೈಸೂರಿನವರು. ಈ ದ್ವೀಪದೇಶಕ್ಕೆ ಬಂದು ಇಲ್ಲಿಯ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹಾಡಲು ಬರುವುದಿಲ್ಲ, ನುಡಿಸಲೂ ಬರುವುದಿಲ್ಲ. ಆದರೆ ಕೇಳುವುದರಲ್ಲಿ ತಮ್ಮನ್ನು ಮೀರಿಸಿದವರು ಈ ದ್ವೀಪದಲ್ಲಿ ಇಲ್ಲ ಎನ್ನುತ್ತಾರೆ. ಸಂಗೀತ ಕಚೇರಿಯಲ್ಲಿ ಅವರು ತೊಡೆ ತಟ್ಟಿ ತಾಳ ಹಾಕುವುದನ್ನು ನೋಡಿದರೆ, ವೇದಿಕೆಯ ಮೇಲಿನವರೇ ಇವರಿಗೆ ಪಕ್ಕವಾದ್ಯ ಅನ್ನಿಸುತ್ತದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಲೆಕ್ಕ ತಪ್ಪಿಲ್ಲವಂತೆ. ಇದನ್ನೂ ಅವರೇ ಹೇಳಿದ್ದು.

ಹೊಸದಾಗಿ ಪರಿಚಯವಾದ ಯಾರಿಗಾದರೂ ಮಾರನೆಯ ದಿನ ವಾಟ್ಸಾಪಿನಲ್ಲಿ ಅವರ ಪಟ್ಟಿ ಬರುತ್ತದೆ: ‘ಕರ್ನಾಟಕ ಸಂಗೀತ — ಹೊಸ ಕೇಳುಗರು ಕೇಳಲೇಬೇಕಾದ ಹತ್ತು ಕೃತಿಗಳು.’ ಏಸಿ ಸರ್ವಿಸ್ ಮಾಡಲು ಬಂದ ಮಿಸ್ಟರ್ ಟಾನ್ ಅವರಿಗೂ ಹೋಗಿದೆ.

ಇಂಥವರ ಮಗಳು ವರ್ಣಿಕಾ. ವಯಸ್ಸು ಇಪ್ಪತ್ತಾರು, ಇಲ್ಲೇ ಹುಟ್ಟಿ ಬೆಳೆದವಳು, ಸಿವಿಲ್ ಇಂಜಿನಿಯರ್. ನಾಲ್ಕು ವರ್ಷದಿಂದ ಒಂದು ಥ್ರ್ಯಾಶ್ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. ಈ ಸಂಗೀತದಲ್ಲಿ ಗಿಟಾರು, ಡ್ರಮ್ಮು ಎಲ್ಲವೂ ಕೊನೆಯ ಬಸ್ಸು ಹೊರಟಂತೆ ಓಡುತ್ತವೆ. ಹಾಡುವವನು ಆ ಬಸ್ಸಿನ ಡ್ರೈವರಿಗೆ ಬೈಯುತ್ತಿರುವಂತೆ ಕೇಳಿಸುತ್ತದೆ. ಒಮ್ಮೆ ಅವಳ ರೆಕಾರ್ಡಿಂಗನ್ನು ಎರಡು ನಿಮಿಷ ಕೇಳಿದ ಪಟ್ಟಾಭಿರಾಮರು, ಇದರಲ್ಲಿ ತೋಡಿ ರಾಗದ ಛಾಯೆ ಇದೆ, ಆದರೆ ತೋಡಿ ಇಲ್ಲ ಎಂದು ತೀರ್ಪು ಕೊಟ್ಟು, ತಿದ್ದಿಕೊಳ್ಳಬೇಕಾದ ಮೂರು ಅಂಶಗಳನ್ನೂ ಹೇಳಿದ್ದರು. ಅವತ್ತಿನಿಂದ ಮನೆಯಲ್ಲಿ ಹೆಡ್‌ಫೋನು.

ಈ ಜುಲೈಯಲ್ಲಿ ಬ್ಯಾಂಡಿನವರು ತಮ್ಮದೇ ಹಾಡುಗಳ ಮೊದಲ ಕಾರ್ಯಕ್ರಮ ಇಟ್ಟುಕೊಂಡರು. ವರ್ಣಿಕಾ ಅಮ್ಮ ನಳಿನಿಯನ್ನು ಕರೆದಳು, ಅಪ್ಪನನ್ನು ಕರೆಯಲಿಲ್ಲ. ಪಟ್ಟಾಭಿರಾಮರು ಮೂರು ದಿನ ಕಾದು, ನಾಲ್ಕನೆಯ ದಿನ ತಾವೇ ಬಾಯಿ ಬಿಟ್ಟು ಕೇಳಿದರು. ಉತ್ತರ ವಾಟ್ಸಾಪಿನಲ್ಲಿ ಬಂತು: ‘ಥ್ರ್ಯಾಶ್ ಮೆಟಲ್ — ಹೊಸ ಕೇಳುಗರು ಕೇಳಲೇಬೇಕಾದ ಹತ್ತು ಹಾಡುಗಳು.’ ಕೆಳಗೆ ಶರತ್ತು. ಶನಿವಾರದ ಊಟದ ಹೊತ್ತಿಗೆ ಯಾವುದಾದರೂ ಒಂದು ಹಾಡಿನ ಬಗ್ಗೆ ಅಪ್ಪ ತನಗೆ ಏನನ್ನಿಸಿತೆಂದು ಹೇಳಬೇಕು. ಯಾವ ರಾಗದ ಛಾಯೆ ಎಂದು ಹೇಳುವಂತಿಲ್ಲ, ಹೇಗೆ ತಿದ್ದಬೇಕು ಎಂದೂ ಹೇಳುವಂತಿಲ್ಲ. ಪಾಸಾದರೆ ಟಿಕೆಟ್.

ಪಟ್ಟಾಭಿರಾಮರು ಮರುದಿನ ಬೆಳಗ್ಗೆಯೇ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಡೋಕ್ ಕೆರೆಯ ದಂಡೆಗೆ ನಡೆದರು. ನಾಲ್ಕು ಹಾಡು ಕೇಳಿ ಮುಗಿಸಿದೆ, ಎಲ್ಲಾ ಒಂದೇ ಥರ ಇವೆ ಎಂದು ನನಗೆ ವರದಿ ಕೊಟ್ಟರು. ಫೋನ್ ತೆಗೆದು ನೋಡಿದರೆ ಒಂದನೆಯ ಹಾಡೇ ನಾಲ್ಕು ಸಲ ಓಡಿತ್ತು. ಮಾರನೆಯ ದಿನ ಮೂರನೆಯ ಹಾಡು ಒಂಟಿ ಗಿಟಾರಿನಲ್ಲಿ ಮೆಲ್ಲಗೆ ಶುರುವಾಯಿತು. ಓಹೋ ಆಲಾಪನೆ ಎಂದು ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು. ನಲವತ್ತನೆಯ ಸೆಕೆಂಡಿಗೆ ಕಾಫಿಯೆಲ್ಲ ಪಂಚೆಯ ಮೇಲಿತ್ತು.

ಆದರೆ ಅವರನ್ನು ನಿಜವಾಗಿ ಕೆಡವಿದ್ದು ಏಳನೆಯದು. ಸರಿಯಾಗಿ ಎಣಿಸಿಕೊಂಡು ಹೋಗುತ್ತಿರುವಾಗ ನಡುವೆ ವೇಗ ಅರ್ಧಕ್ಕೆ ಇಳಿಯುತ್ತದೆ, ಎಲ್ಲೋ ಒಂದು ಏಟು ಕಾಣೆಯಾಗುತ್ತದೆ, ಮತ್ತೆ ಎರಡರಷ್ಟು ವೇಗದಲ್ಲಿ ಎದ್ದು ಓಡುತ್ತದೆ. ಪಟ್ಟಾಭಿರಾಮರು ತೊಡೆ ತಟ್ಟಿಕೊಂಡು ಕೆರೆ ಸುತ್ತುವುದನ್ನು ಕಂಡು ತೈ ಚಿ ವ್ಯಾಯಾಮ ಮಾಡುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಆ ಏಟು ಬಿಟ್ಟುಹೋದದ್ದು ರೆಕಾರ್ಡಿಂಗ್ ತಪ್ಪಿರಬಹುದೇ ಎಂದು ನನ್ನನ್ನು ಕೇಳಿದರು. ತಪ್ಪಾಗಿದ್ದರೆ ಸರಿಮಾಡದೆ ಬಿಡುತ್ತಿದ್ದರೇ ಎಂದೆ. “ಹಾಗಾದ್ರೆ ಬೇಕೂಂತಲೇ ಮಾಡಿದಾರೆ ಅಂತೀರಾ?” ಎಂದರು. ಅವರು ನನ್ನ ಅಭಿಪ್ರಾಯ ಕೇಳಿದ್ದು ಅದೇ ಮೊದಲು.

ಶನಿವಾರದ ಕಥೆ ನಳಿನಿಯವರು ಹೇಳಿದ್ದು. ಸಾರನ್ನ ಕಲಸುತ್ತಲೇ ಪಟ್ಟಾಭಿರಾಮರು ಎರಡು ಪುಟದ ಭಾಷಣ ತೆಗೆದರಂತೆ. ಎಂಬತ್ತರ ದಶಕದ ಅಮೆರಿಕದಲ್ಲಿ ಇದು ಹುಟ್ಟಿದ ಬಗೆ, ಜರ್ಮನಿಯ ಕೊಡುಗೆ, ಉಪಸಂಹಾರ. ವರ್ಣಿಕಾ ಮೊದಲ ಪುಟ ಮುಗಿಯುವವರೆಗೆ ತಡೆದುಕೊಂಡು, ತಟ್ಟೆ ಎತ್ತಿಕೊಂಡು ಎದ್ದಳು.

“ಅಪ್ಪ, ಇದು ಇಂಟರ್ನೆಟ್ಟಿಗೆ ಅನ್ನಿಸಿದ್ದು. ನಿಂಗೇನನ್ನಿಸ್ತು?”

ಪಟ್ಟಾಭಿರಾಮರು ಕಾಗದ ಮಡಿಸಿದರು. ಸಾರಿನ ಕಡೆ ನೋಡಿದರು.

“ಏಳನೇದ್ರಲ್ಲಿ ಲೆಕ್ಕ ತಪ್ಪಿಹೋಯ್ತು. ಹನ್ನೊಂದು ಸಲ ಕೇಳ್ದೆ, ಹನ್ನೊಂದು ಸಲಾನೂ ತಪ್ಪಿತು. ತಾಳ ಎಲ್ಲಿಂದ ಶುರು ಅಂತಾನೇ ನಂಗೆ ಗೊತ್ತಾಗ್ಲಿಲ್ಲ.”

ಗಂಡನ ಬಾಯಲ್ಲಿ ‘ಗೊತ್ತಾಗ್ಲಿಲ್ಲ’ ಎಂಬ ಮಾತನ್ನು ನಳಿನಿಯವರು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು. ಒಮ್ಮೆ ಮಲೇಶಿಯಾದ ತಾಳೆ ತೋಟದಲ್ಲಿ ಕಾರು ದಾರಿ ತಪ್ಪಿ ಎರಡು ಗಂಟೆ ಸುತ್ತಿದಾಗಲೂ ಹೇಳಿರಲಿಲ್ಲವಂತೆ.

ವರ್ಣಿಕಾ ತಟ್ಟೆ ಕೆಳಗಿಟ್ಟು ಕೂತಳು. “ನಂಗೂ ಆರು ತಿಂಗಳು ಬೇಕಾಯ್ತಪ್ಪ, ಅದು,” ಎಂದು ಎರಡು ಚಮಚ ಹಿಡಿದು ಮೇಜಿನ ಮೇಲೆ ಬಾರಿಸಿ ತೋರಿಸಿದಳು. ಪಟ್ಟಾಭಿರಾಮರು ಎಡಗೈಯಲ್ಲಿ ಎಣಿಸಿದರು. ಮತ್ತೆ ತಪ್ಪಿದರು. ಟಿಕೆಟ್ ಸಿಕ್ಕಿತು.

ಭಾನುವಾರ ಸಂಜೆ ನಾಲ್ಕಕ್ಕೆ ಹೌಗಾಂಗ್ ಕಡೆಯ ಹಳೇ ಫ್ಯಾಕ್ಟರಿ ಕಟ್ಟಡದ ಐದನೇ ಮಹಡಿಯಲ್ಲಿ ಕಾರ್ಯಕ್ರಮ. ಎರಡನೆಯ ಹಾಡಿಗೆ ಇಪ್ಪತ್ತು ಮೂವತ್ತು ಜನ ಒಬ್ಬರನ್ನೊಬ್ಬರು ನೂಕುತ್ತಾ ಗುಂಡಗೆ ಓಡತೊಡಗಿದರು. ಹೊಡೆದಾಟ ಎಂದುಕೊಂಡ ಪಟ್ಟಾಭಿರಾಮರು ಬಿಡಿಸಲು ನುಗ್ಗಿದರು. ಗುಂಪು ಅವರನ್ನು ಗೌರವದಿಂದಲೇ ಒಂದು ಸುತ್ತು ತಿರುಗಿಸಿ ಹೊರಟ ಜಾಗಕ್ಕೆ ತಂದು ನಿಲ್ಲಿಸಿತು. ತೋಳಿನ ತುಂಬಾ ಹಚ್ಚೆ ಇದ್ದ ಒಬ್ಬ ಕನ್ನಡಕ ಹೆಕ್ಕಿ ಕೊಟ್ಟು, “ಅಂಕಲ್, ಓಕೆ ಆರ್ ನಾಟ್?” ಎಂದು ವಿಚಾರಿಸಿದ.

ಮುಗಿದ ಮೇಲೆ ವರ್ಣಿಕಾ ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಬಂದಳು. “ಹೇಗಿತ್ತಪ್ಪ?”

ಒಂದು ರಾಗದ ಹೆಸರು ಗಂಡನ ಗಂಟಲವರೆಗೆ ಬಂದು ವಾಪಸು ಹೋದದ್ದನ್ನು ತಾನು ಕಣ್ಣಾರೆ ಕಂಡೆ ಎನ್ನುತ್ತಾರೆ ನಳಿನಿ.

“ಏನ್ ಹೇಳ್ಬೇಕೋ ತಿಳೀತಿಲ್ಲಮ್ಮ,” ಎಂದರು ಪಟ್ಟಾಭಿರಾಮರು. “ಕೈ ನೋಯ್ತಿಲ್ವಾ ನಿಂಗೆ?”

“ಸಿಕ್ಕಾಪಟ್ಟೆ ನೋಯ್ತಿದೆ,” ಎಂದು ಅವಳು ಬಲಗೈ ಮುಂದೆ ಚಾಚಿದಳು. ಲಿಫ್ಟು ಬರುವ ತನಕ ಅವರು ಆ ಕೈ ಹಿಡಿದುಕೊಂಡೇ ನಿಂತಿದ್ದರಂತೆ, ಒತ್ತಬೇಕೋ ಬಿಡಬೇಕೋ ತಿಳಿಯದೆ.