ಕಮಲಾಪುರದ ಬೈಕಿಗೆ ಮೂರು ತಪಾಸಣೆ

2019ರ ಬೇಸಿಗೆ. ಕಲಬುರಗಿಯ ಸಾರಿಗೆ ಕಚೇರಿಯಲ್ಲಿ ನಾನು ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ವಾರದಲ್ಲಿ ಎರಡು ದಿನ ಹಳೆಯ ದ್ವಿಚಕ್ರ ವಾಹನಗಳ ತಪಾಸಣೆ ನನ್ನ ಪಾಲಿಗೆ ಬರುತ್ತಿತ್ತು. ಹೊಸ ಬೈಕಿನ ನೋಂದಣಿ ಹದಿನೈದು ವರ್ಷ ನಡೆಯುತ್ತದೆ. ಅದು ಮುಗಿದ ಮೇಲೆ ಮಾಲೀಕರು ಗಾಡಿಯನ್ನು ನಮ್ಮೆದುರು ತಂದು ನಿಲ್ಲಿಸಬೇಕು. ರಸ್ತೆಗೆ ಯೋಗ್ಯವೆಂದು ನಿರೀಕ್ಷಕ ಸಹಿ ಹಾಕಿದರೆ ಇನ್ನೈದು ವರ್ಷಕ್ಕೆ ನವೀಕರಣ.

ಹಳೆಯ ಬೈಕ್ ತಂದವರೆಲ್ಲ ಮೊದಲು ಎಂಜಿನ್ನಿನ ಮಾತೆತ್ತುತ್ತಾರೆ. ಒಂದೇ ಕಿಕ್ಕಿಗೆ ಚಾಲು ಆಗತದ್ರಿ ಎಂದು ಒದ್ದು ತೋರಿಸುತ್ತಾರೆ. ಅವರು ಹೇಳುವುದು ನಿಜವೇ. ನೂರು ಸಿಸಿಯ ಎಂಜಿನ್ ಹೊತ್ತಿಗೆ ಸರಿಯಾಗಿ ಆಯಿಲ್ ಕಂಡರೆ ಇಪ್ಪತ್ತು ವರ್ಷವೂ ದುಡಿಯುತ್ತದೆ. ಮೋಸ ಮಾಡುವುದು ಉಳಿದ ಭಾಗಗಳು. ಸವೆದ ಬ್ರೇಕ್ ಶೂ, ಸಡಿಲಾದ ಚೈನು, ನುಣುಪಾದ ಟೈರು, ಹ್ಯಾಂಡಲ್ ತಿರುಗುವಲ್ಲಿ ಇರುವ ಬೇರಿಂಗು. ಈ ಬೇರಿಂಗಿಗೆ ನಮ್ಮ ಮೆಕ್ಯಾನಿಕ್‌ಗಳು ಕೋನ್ ಸೆಟ್ ಎನ್ನುತ್ತಾರೆ. ಇವೆಲ್ಲ ಒಂದೇ ದಿನ ಕೆಡುವುದಿಲ್ಲ. ದಿನಕ್ಕಿಷ್ಟು ಕೆಡುತ್ತವೆ, ಓಡಿಸುವವನು ದಿನಕ್ಕಿಷ್ಟು ಹೊಂದಿಕೊಳ್ಳುತ್ತಾನೆ.

ಏಪ್ರಿಲ್ ತಿಂಗಳಲ್ಲಿ ಕಮಲಾಪುರದ ರೇವಣಸಿದ್ದಪ್ಪ ಎಂಬವರು ತಮ್ಮ ಬೈಕ್ ತಂದರು. ವಯಸ್ಸು ಐವತ್ತೈದರ ಆಸುಪಾಸು. ಕಿಟಕಿ ಗ್ರಿಲ್ಲು, ಗೇಟು ಮಾಡುವ ಕಸುಬು. ಬೆರಳುಗಳ ಮೇಲೆ ವೆಲ್ಡಿಂಗ್ ಕಿಡಿ ಸಿಡಿದ ಸಣ್ಣ ಸಣ್ಣ ಕಲೆಗಳು. ಗಾಡಿಯನ್ನು ಮದುಮಗನ ಹಾಗೆ ತೊಳೆದು ಒರೆಸಿ ತಂದಿದ್ದರು. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದೆ, ದಾಖಲೆಗೆ ಹೊಂದಿತು. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್ಲಿಗೇ ತಾಗುತ್ತಿತ್ತು. ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆಮುಂದೆ ಆಡಿಸಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಎಂದಿತು, ಅಂದರೆ ಕೋನ್ ಸೆಟ್ ಸವೆದಿದೆ. ಹಿಂದಿನ ಟೈರಿನ ಗೆರೆಗಳು ಮಾಸಿಹೋಗಿದ್ದವು. ಮೂರನ್ನೂ ಬರೆದು, ರಿಪೇರಿ ಮಾಡಿಸಿ ತರಲು ಹೇಳಿದೆ.

ಆ ಗಾಡಿಯಲ್ಲಿ ಬೇರೆ ಯಾರದರಲ್ಲೂ ಕಾಣದ ಒಂದು ವಸ್ತುವಿತ್ತು. ಹಿಂದಿನ ಸೀಟಿಗೆ ಕುರ್ಚಿಯಂತೆ ಬೆನ್ನು ಆನಿಸುವ ಆಸರೆ. ಕಬ್ಬಿಣದ ಪೈಪು ಬಗ್ಗಿಸಿ, ಹತ್ತಿಯ ದಿಂಬು ಕಟ್ಟಿ, ಅದರ ಮೇಲೆ ನೀಲಿ ರೆಕ್ಸಿನ್ ಹೊಲಿಸಿದ್ದರು. ಏಕೆಂದು ಕೇಳಿದೆ. ಹೆಂಡತಿ ಕಸ್ತೂರಬಾಯಿಗೆ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲವೆಂದೂ, ವಾರಕ್ಕೆರಡು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆತರುವುದಾಗಿಯೂ ಹೇಳಿದರು. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಂಡ ಮೇಲೆ ಆಕೆಗೆ ಕಣ್ಣು ಕತ್ತಲಿಟ್ಟು ಜೋಂಪು ಹತ್ತುತ್ತಿತ್ತು. ಬಸ್ಸಿನಲ್ಲಿ ಸೀಟು ಸಿಗುವ ಭರವಸೆ ಇರಲಿಲ್ಲ. ಒಮ್ಮೆ ಬೈಕಿನಿಂದ ಜಾರುವುದರಲ್ಲಿದ್ದರಂತೆ. ಆ ವಾರವೇ ಇವರು ತಮ್ಮ ಕೈಯಾರೆ ಆಸರೆ ಮಾಡಿದ್ದರು.

ನಾನು ಅದನ್ನು ಮುಟ್ಟಿ ನೋಡಿ, ಭೇಷ್ ಮಾಡೀರಿ ಎಂದೆ. ಅವರ ಮುಖ ಅರಳಿತು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಹೆಚ್ಚುವರಿಯಾಗಿ ಜೋಡಿಸಿದ ಏನೇ ಇರಲಿ, ಅದು ಗಾಡಿಗೆ ಎಲ್ಲಿ ಸೇರುತ್ತದೆಂದು ನೋಡುವುದು ನನ್ನ ಕೆಲಸವಾಗಿತ್ತು. ಕಥೆ ಕೇಳಿ ಮನಸ್ಸು ಕರಗಿತು, ನಾನು ಸೀಟು ಎತ್ತಿಸಲಿಲ್ಲ.

ಹತ್ತು ದಿನ ಬಿಟ್ಟು ಅವರು ಮತ್ತೆ ಬಂದರು. ಈ ಸಲ ಕಸ್ತೂರಬಾಯಿಯೂ ಜೊತೆಗಿದ್ದರು. ಅಂದು ಮಧ್ಯಾಹ್ನ ಒಂದು ಗಂಟೆಗೆ ಅವರ ಡಯಾಲಿಸಿಸ್ ಇತ್ತು. ಸಣ್ಣ ಜೀವ, ಎಡಗೈ ಮೇಲೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು. ಹೇಳಿದ ಮೂರೂ ರಿಪೇರಿ ಅಚ್ಚುಕಟ್ಟಾಗಿ ಆಗಿತ್ತು. ಸಹಿ ಹಾಕುವುದಷ್ಟೇ ಬಾಕಿ. ವಿಮೆ ಪತ್ರದ ಪ್ರತಿ ಇರಲಿಲ್ಲವೆಂದು ರೇವಣಸಿದ್ದಪ್ಪ ಝೆರಾಕ್ಸ್ ಅಂಗಡಿಗೆ ಹೋದರು.

ಗಾಡಿ ಆವರಣದೊಳಗೆ ಬರುವಾಗಲೇ ನಾನೊಂದು ಗಮನಿಸಿದ್ದೆ. ಅಷ್ಟು ಚಂದದ ಆಸರೆ ಬೆನ್ನ ಹಿಂದೆ ಇದ್ದರೂ ಕಸ್ತೂರಬಾಯಿ ಅದಕ್ಕೆ ಆನಿಕೊಂಡಿರಲಿಲ್ಲ. ಮುಂದೆ ಸರಿದು, ಗಂಡನ ಭುಜ ಗಟ್ಟಿಯಾಗಿ ಹಿಡಿದು ಕೂತಿದ್ದರು. ಬೇವಿನ ನೆರಳಲ್ಲಿ ಕುಳಿತಿದ್ದ ಅವರ ಬಳಿ ಹೋಗಿ ಕೇಳಿದೆ.

“ತಂಗಿ, ಬೆನ್ನು ಯಾಕ ಆನಸೂದಿಲ್ಲ ನೀವು? ಚುಚ್ಚತದೇನು?”

ಆಕೆ ಗೇಟಿನ ಕಡೆ ನೋಡಿದರು. ಗಂಡ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಹೇಳಿದರು.

“ಆನಿಸಿದ್ರ ಅಳ್ಳಾಡತದ್ರೀ ಸಾಹೇಬರ. ಎರಡು ತಿಂಗಳಾತು. ಕೆಳಗ ಏನೋ ಕಿರ್ ಕಿರ್ ಅಂತದ. ಅವರು ನಿದ್ದಿಗೆಟ್ಟು ಮಾಡ್ಯಾರ. ಹ್ಯಾಂಗ ಹೇಳ್ಲಿ? ನಾ ಹೇಳೇನಿ ಅಂತ ಅವರಿಗಿ ಹೇಳಬ್ಯಾಡ್ರೀ.”

ನಾನು ಸೀಟು ಎತ್ತಿಸಿದೆ. ಸೀಟಿನ ಕೆಳಗೆ ಚೌಕಟ್ಟಿನ ಎರಡು ಪೈಪುಗಳು ಹಿಂದಕ್ಕೆ ಚಾಚಿರುತ್ತವೆ. ಹಿಂದೆ ಕೂತವರ ಭಾರವೆಲ್ಲ ಅವುಗಳ ಮೇಲೆ. ಆಸರೆಯನ್ನು ನೇರವಾಗಿ ಅವಕ್ಕೇ ಬೆಸೆದಿದ್ದರು. ಎಡಗಡೆಯ ಪೈಪಿನಲ್ಲಿ, ವೆಲ್ಡಿಂಗ್ ಮುಗಿಯುವ ಅಂಚಿಗೆ ಸರಿಯಾಗಿ, ಕೂದಲೆಳೆಯಂಥ ಬಿರುಕು. ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟೆ. ಬಿರುಕು ಪೈಪಿನ ಅರ್ಧ ಸುತ್ತಿಗಿಂತ ಹೆಚ್ಚು ಹಬ್ಬಿತ್ತು.

ಬೆಸುಗೆ ಕೆಟ್ಟದ್ದಾಗಿರಲಿಲ್ಲ. ಗೇಟಿಗೆ ಅಂಥ ಬೆಸುಗೆ ಹಾಕಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಬರುತ್ತಿತ್ತು. ಆದರೆ ಬೈಕಿನ ಪೈಪು ತೆಳು. ಅತಿಯಾದ ಕಾವು ತಗುಲಿದ ಕಡೆ ಅದು ಬಾಗುವ ಗುಣ ಕಳೆದುಕೊಳ್ಳುತ್ತದೆ. ಮೇಲೆ ಎತ್ತರದ ಆಸರೆಗೆ ಬೆನ್ನು ಆನಿಸಿದಾಗ, ಪ್ರತಿ ಗುಂಡಿಯಲ್ಲೂ ಅದು ಸನ್ನೆಗೋಲಿನಂತೆ ಪೈಪನ್ನು ಮೀಟುತ್ತದೆ. ಕಮಲಾಪುರದಿಂದ ಕಲಬುರಗಿಗೆ ಮೂವತ್ತೈದು ಕಿಲೋಮೀಟರಿಗೂ ಮಿಕ್ಕಿದ ದಾರಿ. ಉಳಿದ ಅರ್ಧ ಸುತ್ತು ಎಲ್ಲಿ, ಯಾವ ಲಾರಿಯ ಮುಂದೆ ಕೈಬಿಡುತ್ತಿತ್ತೋ ಹೇಳಲಾಗದು.

ರೇವಣಸಿದ್ದಪ್ಪ ಝೆರಾಕ್ಸ್ ಹಿಡಿದು ಬಂದರು. ನಾನು ಟಾರ್ಚ್ ಅವರ ಕೈಗೆ ಕೊಟ್ಟು ಎಡಗಡೆಯ ಪೈಪು ತೋರಿಸಿದೆ. ಲೋಹ ಬಲ್ಲ ಮನುಷ್ಯನಿಗೆ ವಿವರಣೆ ಬೇಕಾಗಲಿಲ್ಲ. ಬಗ್ಗಿ ನೋಡಿದರು, ಉಗುರಿನಿಂದ ಬಿರುಕನ್ನು ತಡವಿದರು. ಒಳಗೆ ತುಕ್ಕು ಕೂತಿತ್ತು. ಬಿರುಕು ನಿನ್ನೆ ಮೊನ್ನೆಯದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅವರು ಹಾಗೇ ನೆಲಕ್ಕೆ ಕುಕ್ಕರಿಸಿದರು.

“ಮೊದಲನೇ ಸಲ ನಾನೂ ನೋಡಲಿಲ್ಲರೀ,” ಎಂದೆ. “ಭೇಷ್ ಅಂದು ಕಳಿಸಿದೆ. ತಪ್ಪಿನಾಗ ನಂದೂ ಪಾಲದ.”

ಅವರು ಎದ್ದು ಬೇವಿನ ಮರದ ಕಡೆ ಹೋದರು.

“ಕಸ್ತೂರಿ, ಇಷ್ಟು ದಿನ ನಿನಗ ಗೊತ್ತಾಗಲಿಲ್ಲೇನು?”

“ಗೊತ್ತಾಗಿದ್ರ ಹೇಳ್ತಿದ್ದಿಲ್ಲೇನು ನಿಮಗ?” ಎಂದರು ಆಕೆ, ಸೆರಗು ಸರಿಮಾಡಿಕೊಳ್ಳುತ್ತ.

ರೇವಣಸಿದ್ದಪ್ಪ ಹೆಂಡತಿಯ ಮುಖ ನೋಡಿದರು. ಮೂವತ್ತು ವರ್ಷ ಜೊತೆಗೆ ಬಾಳಿದವರಿಗೆ ಸುಳ್ಳು ತಿಳಿಯದೇ ಇರುತ್ತದೆಯೇ? ಅವರು ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಆಕೆಯ ಕೈಗಿಟ್ಟರು. ವೈದ್ಯರು ಕುಡಿಯುವ ನೀರಿಗೂ ಲೆಕ್ಕ ಹಾಕಿದ್ದರು. ಆಕೆ ಒಂದೇ ಗುಟುಕು ಕುಡಿದು ಮರಳಿ ಕೊಟ್ಟರು.

ನಾನು ಅರ್ಜಿಯ ಮೇಲೆ ಅನರ್ಹ ಎಂದು ಬರೆದೆ. ಆ ಗಾಡಿಯನ್ನು ಕಮಲಾಪುರಕ್ಕೆ ಓಡಿಸಿಕೊಂಡು ಹೋಗುವ ಮಾತೇ ಇರಲಿಲ್ಲ. ಆಟೊ ತರಿಸಿ ಅವರನ್ನು ಆಸ್ಪತ್ರೆಗೆ ಕಳಿಸಿದೆ. ಕಲಬುರಗಿಯ ಗಾಜಿಪುರ ಬಡಾವಣೆಯಲ್ಲಿ ರೇವಣಸಿದ್ದಪ್ಪನವರ ತಂಗಿಯ ಮನೆ ಇತ್ತು. ಮುಂದಿನ ಡಯಾಲಿಸಿಸ್ ಮುಗಿಯುವವರೆಗೆ ಇಬ್ಬರೂ ಅಲ್ಲೇ ಉಳಿಯುವುದೆಂದಾಯಿತು.

ಸ್ಟೇಶನ್ ಬಜಾರದ ಹಿಂದೆ ಖಾಜಾಮಿಯಾ ಎಂಬ ಹಿರಿಯ ಮೆಕ್ಯಾನಿಕ್ ಇದ್ದರು. ಅಪಘಾತಕ್ಕೊಳಗಾದ ಗಾಡಿಗಳ ಚೌಕಟ್ಟು ನೆಟ್ಟಗೆ ಮಾಡುವುದರಲ್ಲಿ ಹೆಸರಾದವರು. ಬೈಕನ್ನು ಗೂಡ್ಸ್ ಆಟೊದಲ್ಲಿ ಹೇರಿ ಅಲ್ಲಿಗೆ ಕಳಿಸಿ, ಸಂಜೆ ನಾನೂ ಹೋದೆ. ಬಿರುಕಿನ ಮೇಲೆಯೇ ಇನ್ನೊಂದು ಬೆಸುಗೆ ಹಾಕಿದರೆ ನಡೆಯುವುದೇ ಎಂದು ರೇವಣಸಿದ್ದಪ್ಪ ಕೇಳುತ್ತಿದ್ದರು. ಖಾಜಾಮಿಯಾ ತಲೆ ಅಲ್ಲಾಡಿಸಿದರು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಪೈಪಿನ ಒಳಗೊಂದು ಪೈಪು ತೂರಿಸಿ, ಆಮೇಲೆ ಹೊಸ ತುಂಡು ಕೂಡಿಸಬೇಕು. ಆಸರೆಯನ್ನು ಚೌಕಟ್ಟಿಗೆ ಬೆಸೆಯದೆ, ಹಿಂದಿನ ಹಿಡಿಕೆಗೆ ಕಂಪನಿಯೇ ಬಿಟ್ಟಿರುವ ತೂತುಗಳಲ್ಲಿ ಬೋಲ್ಟ್ ಹಾಕಿ ಕೂಡಿಸಬೇಕು, ಎತ್ತರವನ್ನೂ ತಗ್ಗಿಸಬೇಕು.

ಕೆಲಸ ನಾಲ್ಕು ದಿನ ಹಿಡಿಯಿತು. ರೇವಣಸಿದ್ದಪ್ಪ ದಿನವೂ ಗ್ಯಾರೇಜಿಗೆ ಬಂದು ಕೂರುತ್ತಿದ್ದರಂತೆ. ಖಾಜಾಮಿಯಾ ವೆಲ್ಡಿಂಗ್ ಹೋಲ್ಡರ್ ಕೊಡಹೋದರೆ ಇವರು ಕೈ ಹಿಂದೆಗೆದರಂತೆ. ಮೂರನೇ ದಿನ ಇವರ ಮುಂದೆ ಖಾಜಾಮಿಯಾ ಆಸರೆಯ ಪೈಪು ಇಟ್ಟು, “ಭಾಯಿ, ನಿಮ್ಮ ಕೈ ಖರಾಬ್ ಇಲ್ಲ. ಜಗಾ ತಪ್ಪಿತ್ತು, ಅಷ್ಟೇ. ಇದರದು ಅಳತಿ ನೀವೇ ಹಾಕ್ರಿ,” ಎಂದರಂತೆ. ಆಸರೆಯನ್ನು ಮತ್ತೆ ಅವರೇ ಮಾಡಿದರು.

ಮೂರನೇ ತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ನಾನು ಸೀಟು ಎತ್ತಿಸಿ ಪ್ರತಿ ಕೂಡಿಕೆಯನ್ನೂ ನೋಡಿದೆ, ಬೋಲ್ಟುಗಳಿಗೆ ಪಾನಾ ಹಾಕಿ ಪರೀಕ್ಷಿಸಿದೆ. ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಮೂವತ್ತು ವರ್ಷದ ಸೇವೆಯಲ್ಲಿ ಎಂದೂ ಮಾಡದ ಕೆಲಸವನ್ನು ಅಂದು ಮಾಡಿದೆ. ಹಿಂದಿನ ಸೀಟಿನಲ್ಲಿ ನಾನೇ ಕೂತು, ಆವರಣದ ತಗ್ಗುದಿಣ್ಣೆಯಲ್ಲೆಲ್ಲ ಓಡಿಸಲು ರೇವಣಸಿದ್ದಪ್ಪನವರಿಗೆ ಹೇಳಿದೆ. ನನ್ನ ಎಂಬತ್ತು ಕಿಲೋ ಭಾರವನ್ನೆಲ್ಲ ಬೆನ್ನಿಗೆ ಬಿಟ್ಟು ಆನಿಸಿದೆ. ಏನೂ ಅಲ್ಲಾಡಲಿಲ್ಲ. ಮೂರು ಸುತ್ತು ಹೊಡೆದು ಇಳಿದಾಗ ಕಸ್ತೂರಬಾಯಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನಾನು ಸಹಿ ಹಾಕಿದೆ.

ಹೊರಡುವಾಗ ಗಾಡಿ ಚಾಲು ಮಾಡಿ, ಹಿಂದೆ ತಿರುಗದೆಯೇ ರೇವಣಸಿದ್ದಪ್ಪ ಹೆಂಡತಿಗೆ ಹೇಳಿದ್ದು ನನಗೂ ಕೇಳಿಸಿತು.

“ಇನ್ ಮ್ಯಾಲ ಏನರ ಅಳ್ಳಾಡಿದ್ರ ಹೇಳಬೇಕು ನೋಡು.”

“ಹೇಳ್ತೀನಿ,” ಎಂದರು ಆಕೆ. “ನೀವು ಮನಸ್ಸಿಗಿ ಹಚ್ಚಿಕೋಬಾರದು.”

ಮುಂದಿನ ವರ್ಷದ ಚಳಿಗಾಲದಲ್ಲಿ ಒಮ್ಮೆ ಜಗತ್ ವೃತ್ತದ ಸಿಗ್ನಲ್ಲಿನಲ್ಲಿ ಅವರನ್ನು ಕಂಡೆ. ಕಸ್ತೂರಬಾಯಿ ಶಾಲು ಹೊದ್ದು ಹಿಂದಕ್ಕೆ ಒರಗಿ ನಿದ್ದೆ ಹೋಗಿದ್ದರು. ಸುತ್ತ ಅಷ್ಟು ಹಾರ್ನ್ ಬಾರಿಸಿದರೂ ಎಚ್ಚರವಿರಲಿಲ್ಲ. ರೇವಣಸಿದ್ದಪ್ಪನವರ ಎಡಗೈ ಹಿಂದಕ್ಕೆ ಚಾಚಿ ಆಕೆಯ ಮಂಡಿಯ ಮೇಲಿತ್ತು. ಮಾತಾಡಿಸಬೇಕೆನಿಸಿತು. ಆಕೆಗೆ ಎಚ್ಚರವಾದೀತೆಂದು ಸುಮ್ಮನಿದ್ದೆ.

ನಿವೃತ್ತಿಯಾಗುವವರೆಗೂ ನಾನು ಒಂದು ರೂಢಿ ಬಿಡಲಿಲ್ಲ. ಹಳೆಯ ಬೈಕ್ ಬಂದಾಗ ಹಿಂದಿನ ಸೀಟಿನಲ್ಲಿ ದಿನವೂ ಯಾರು ಕೂರುತ್ತಾರೆಂದು ಕೇಳುತ್ತಿದ್ದೆ. ಅವರು ಜೊತೆಗೆ ಬಂದಿದ್ದರೆ, ಓಡಿಸುವವರಿಲ್ಲದ ಹೊತ್ತಿನಲ್ಲಿ ಅವರೊಡನೆ ಒಂದೆರಡು ಮಾತಾಡುತ್ತಿದ್ದೆ. ಹ್ಯಾಂಡಲ್ ಹಿಡಿದವನ ಲಕ್ಷ್ಯ ರಸ್ತೆಯ ಮೇಲಿರುತ್ತದೆ, ಗಾಡಿಯ ನಡುಕ ಹಿಂದೆ ಕೂತವರಿಗೆ ಮೊದಲು ತಿಳಿಯುತ್ತದೆ. ಆದರೆ ತಿಳಿದವರೆಲ್ಲ ಹೇಳುವುದಿಲ್ಲ. ಕೆಲವರು ಅಂಜಿಕೆಯಿಂದ ಬಾಯಿ ಮುಚ್ಚಿಕೊಂಡಿರುತ್ತಾರೆ, ಕೆಲವರು ಅಕ್ಕರೆಯಿಂದ. ಅವರು ಧೈರ್ಯವಾಗಿ ಹೇಳುವಂತೆ ಕೇಳುವುದೂ ನಿರೀಕ್ಷಕನ ಕೆಲಸವೇ. ಯಾವ ತರಬೇತಿಯಲ್ಲೂ ನನಗೆ ಅದನ್ನು ಕಲಿಸಿರಲಿಲ್ಲ.