ಹೂಂ ಅನ್ನುವ ಆಯಿ

ಮೊನ್ನೆ ಜಿಟಿಜಿಟಿ ಮಳೆಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ಕಂಬಳಿ ಕೊಪ್ಪೆ ಹೊದ್ದು ಶಾಲೆಗೆ ಬಂದಳು. ಹಸಿ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗದ್ವಾಲದ ಈ ಶಾಲೆ ಎಲ್ಲಿ ಹೋಯಿತೋ... ಉಟ್ಕೂರಿನ ನಮ್ಮ ಪಕ್ಕದ ಮನೆಯ ಕಟ್ಟೆ, ಅಲ್ಲಿ ರಾಟೆಯ ಮುಂದೆ ಕೂತು ಉಣ್ಣೆ ನೂಲುವ ಆಯಿ ಕಣ್ಣ ಮುಂದೆ ಬಂದರು.

ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಕುರಿ ಕಾಯುವವರ ಮನೆಯ ಹಿರಿಯ ಜೀವ, ಬೀರಪ್ಪನ ಭಕ್ತೆ, ಬೈಗುಳದಲ್ಲಿ ಬಲು ಧಾರಾಳಿ. ನಾನಾಗ ಮಕ್ತಲ್‌ನ ಹೈಸ್ಕೂಲಿಗೆ ಹೋಗುತ್ತಿದ್ದೆ. ಇಂಗ್ಲಿಷ್ ಓದೆಂದರೆ ಓದುತ್ತಿದ್ದೆ, ಬರೆಯೆಂದರೆ ಬರೆಯುತ್ತಿದ್ದೆ. ಮಾತಾಡು ಅಂದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ಅಂಥ ನನ್ನ ಹೆಸರನ್ನೇ ಮೇಡಂ ಇಂಗ್ಲಿಷಿನಲ್ಲಿ ಕತೆ ಹೇಳುವ ಸ್ಪರ್ಧೆಗೆ ಕೊಟ್ಟುಬಿಟ್ಟರು. ಅವತ್ತೂ ಮಾತು ಹೊರಡದೆ ಕತೆ ಅರ್ಧಕ್ಕೇ ನಿಂತರೆ ಇನ್ನೆಂದೂ ಇಂಗ್ಲಿಷಿನಲ್ಲಿ ಬಾಯಿ ತೆರೆಯಬಾರದೆಂದು ನಿಶ್ಚಯಿಸಿದ್ದೆ.

ಅಳುತ್ತ ಕೂತವಳನ್ನು ಆಯಿ ಕರೆದರು.

“ಹೂಂ ಅನ್ನೋರ್ ಇಲ್ದ ಕತಿ ಹೆಂಗ ಬರ್ತೈತಿ ತಂಗಿ? ನೀ ಹೇಳು, ನಾ ಹೂಂ ಅಂತೀನಿ.”

“ನಿನಗೇನ್ ತಿಳಿತೈತಿ ಆಯಿ?”

“ತಿಳೀಲಿಲ್ಲ ಅಂದ್ರ ನಗಾಕೂ ಬರಾಂಗಿಲ್ಲಲ್ಲ! ಹೇಳು.”

ನಮ್ಮ ಕಡೆ ಕತೆ ಕೇಳುವವರು ಸಾಲುಸಾಲಿಗೂ ಹೂಂಗುಟ್ಟಬೇಕು. ಇಲ್ಲದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಅಂದಿನಿಂದ ದಿನಾ ಸಂಜೆ, ದಾರಿ ತಪ್ಪಿದ ಕುರಿಮರಿಯ ಕತೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳುವುದು, ಆಯಿ ನೂಲುತ್ತ ಹೂಂ ಅನ್ನುವುದು. ತಪ್ಪಿದರೂ ಹೂಂ, ತಡವರಿಸಿದರೂ ಹೂಂ. ಮರಿ ಕಳೆದುಹೋಗುವ ಜಾಗ ಬಂತೆಂದು ನನ್ನ ದನಿಯಲ್ಲೇ ಅವರಿಗೆ ಗೊತ್ತಾಗುತ್ತಿತ್ತೋ ಏನೋ... ಆಗ ರಾಟೆ ನಿಲ್ಲುತ್ತಿತ್ತು.

ಸ್ಪರ್ಧೆಯ ದಿನ ಆಯಿಯೂ ನನ್ನ ಜೊತೆ ಆಟೋ ಹತ್ತಿದರು. ವೇದಿಕೆಯಲ್ಲಿ ಮೊದಲ ಸಾಲು ಹೇಳಿದೆನಷ್ಟೆ, ಎರಡನೆಯದು ಮಾಯ. ಆಗ ಜನರ ಹಿಂದಿನಿಂದ ಬಂತು ನೋಡಿ, ಇಡೀ ಸಭೆಗೆ ಕೇಳುವ ಹಾಗೆ, “ಹೂಂ...!”

ಎಲ್ಲರೂ ಗೊಳ್ಳೆಂದು ನಕ್ಕರು. ಸುಮ್ಮನಿರಿ ಎಂದು ಮೇಡಂ ಸನ್ನೆ ಮಾಡಿದರು. ಆಯಿ ಬಿಟ್ಟಾರೆಯೇ?

“ಅಯ್ಯ, ಹೂಂ ಅನ್ಲಿಲ್ಲಂದ್ರ ಹುಡುಗಿ ಹೆಂಗ ಹೇಳ್ಬೇಕ್ರೀ?”

ನನಗೂ ನಗು ಬಂತು. ನಗುವಿನ ಬೆನ್ನಿಗೇ ಎರಡನೆಯ ಸಾಲೂ ಬಂತು, ಕತೆ ಕೊನೆ ಮುಟ್ಟಿತು. ಬಹುಮಾನವೇನೂ ಸಿಗಲಿಲ್ಲ. ಮರಳುವಾಗ ಆಟೋದಲ್ಲಿ ಅದೇ ಕತೆಯನ್ನು ಆಯಿಗೆ ಕನ್ನಡದಲ್ಲಿ ಹೇಳಿದೆ. “ಮರಿ ಸಿಕ್ತಲ್ಲ, ಸಾಕು ಬಿಡು,” ಅಂದರು.

ಆಯಿ ಹೋಗಿ ವರ್ಷಗಳಾದವು. ನಾನೀಗ ಇಂಗ್ಲಿಷ್ ಟೀಚರು. ಮೊನ್ನೆ ಆ ಕಂಬಳಿಯ ಹುಡುಗಿ ಎದ್ದು ನಿಂತು, ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿ ತಡವರಿಸಿದಳು. “ಹೂಂ,” ಅಂದೆ. ಮುಂದುವರಿಸಿದಳು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಆಯಿ ಬಹಳ ನೆನಪಾದರು. ಖಾಲಿ ಬೆಂಚುಗಳ ಮುಂದೆ ಆ ಹಳೆಯ ಕತೆಯ ಮೊದಲ ಸಾಲು ಹೇಳಿದೆ. ಎರಡನೆಯದು ಚೆನ್ನಾಗಿಯೇ ನೆನಪಿತ್ತು. ಆದರೂ ಕಾಯುತ್ತ ನಿಂತೆ...