ಏರ್ ಇಳಿದ ಮಧ್ಯಾಹ್ನ

ಬಸುರಿ ತಂಗಿಯ ಕುಬಸ ಮುಗಿಸಿಕೊಂಡು ತಿಕೋಟಾದ ತವರುಮನೆಯಿಂದ ವಿಜಯಪುರಕ್ಕೆ ಹೊರಟಿದ್ದೆ. ಬಸ್ಸಿಗೆ ಹೋಗುವುದೆಂದು ಚೀಲ ಹಿಡಿದವಳನ್ನು ನನ್ನ ಗಂಡ ತಡೆದರು. ಅವರು ತಿಕೋಟಾದಲ್ಲೇ ನಮ್ಮ ಹತ್ತು ಗಾಲಿಯ ಲಾರಿಗೆ ಒಣದ್ರಾಕ್ಷಿ ಬಾಕ್ಸು ತುಂಬಿಸಿದ್ದರು. ಶಹರದ ಕೋಲ್ಡ್ ಸ್ಟೋರೇಜಿಗೆ ಇಳಿಸಬೇಕಿತ್ತು.

"ಲಾರಿಯೊಳಗ ಬಾ, ಇಬ್ಬರೂ ಕೂಡೇ ಹೋಗೂಣು," ಅಂದರು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಆ ಲಾರಿ ಹತ್ತಿದ್ದು ನಾಲ್ಕೈದು ಸಲ ಇರಬೇಕು. ವಿಜಯಪುರದ ಜೋರಾಪುರ ಪೇಟೆಯ ಮನೆಯಲ್ಲಿ ಕೂತು ಸೀರೆಗೆ ಫಾಲ್ ಹಚ್ಚುವುದು ನನ್ನ ಕೆಲಸ. ಕುಬಸಕ್ಕೆ ಉಟ್ಟಿದ್ದ ಇಳಕಲ್ ಸೀರೆಯಲ್ಲೇ ಕ್ಯಾಬಿನ್ ಹತ್ತಿ ಕೂತೆ.

ಊರು ದಾಟಿ ಸ್ವಲ್ಪ ದೂರ ಬಂದ ಮೇಲೆ ಸ್ಟೇರಿಂಗಿನ ಹಿಂದಿನಿಂದ ಕೀಂ ಎಂದು ಒಂದು ಸಪ್ಪಳ ಶುರುವಾಯಿತು. ನಿಲ್ಲಲೇ ಇಲ್ಲ. ಲಾರಿಯಲ್ಲಿ ಇಂಥದೆಲ್ಲ ಇರುತ್ತದೇನೋ ಎಂದು ಸುಮ್ಮನಿದ್ದೆ. ಅವರು ಬೀಗರು ಊಟಕ್ಕೆ ಕೂತ ಸುದ್ದಿ ಹೇಳಿಕೊಂಡು ಆರಾಮವಾಗಿ ಓಡಿಸುತ್ತಿದ್ದರು. ಕಿವಿಗೆ ಕಿರಿಕಿರಿಯಾಗಿ ಕೊನೆಗೆ ಕೇಳಿದೆ.

"ಅದೇನ್ರಿ, ಕೀಂ ಅನ್ನಾಕತ್ತೈತಿ?"

"ಯಾವದು?"

"ನಿಮ್ಮ ಮುಂದ ಐತಲ್ರಿ. ಆಗಿಂದ ಒಂದ ಸವನ ಹೊಡಕೊಳ್ಳಾಕತ್ತೈತಿ."

ಅವರ ಕಣ್ಣು ಏರ್ ಮೀಟರಿನ ಮುಳ್ಳಿನ ಮೇಲೆ ಬಿತ್ತು. ಮುಖದ ಬಣ್ಣ ಹೋಯಿತು. ಮುಂದೆ ರಸ್ತೆ ಇಳಿಜಾರಾಗಿತ್ತು, ಬೈಕಿನ ಮೇಲೆ ಗಂಡಹೆಂಡತಿ ಇಬ್ಬರು ಹೋಗುತ್ತಿದ್ದರು. ನನ್ನ ಗಂಡ ಬ್ರೇಕು ಒತ್ತಿದರು. ಲಾರಿ ನಿಲ್ಲಲಿಲ್ಲ. ಹಿಂದಿನ ಲೋಡೆಲ್ಲ ನಮ್ಮನ್ನು ನೂಕಿದ ಹಾಗೆ ಮುಂದಕ್ಕೇ ಹೋಯಿತು. ಅವರು ಗೇರು ಇಳಿಸಿ ಎಡಕ್ಕೆ ಎಳೆದು, ಹ್ಯಾಂಡ್ ಬ್ರೇಕಿಗೆ ಕೈ ಹಾಕಿದರು. ಒಮ್ಮೆಲೇ ಹಿಂದಿನ ಗಾಲಿಗಳು ಹಿಡಿದುಕೊಂಡವು, ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಬೈಕು ನಮ್ಮ ಬಂಪರಿನಿಂದ ಎರಡು ಮಾರು ದೂರದಲ್ಲಿತ್ತು. ಅದರ ಮೇಲಿದ್ದವರು ತಿರುಗಿಯೂ ನೋಡದೆ ಹೋಗಿಬಿಟ್ಟರು. ದಾರಿಯ ಊರು ಇಟ್ಟಂಗಿಹಾಳ ಇನ್ನೂ ಮುಂದಿತ್ತು.

ಈ ಲಾರಿಯ ಬ್ರೇಕು ನಡೆಯುವುದು ಏರ್ ಮೇಲೆ. ಟ್ಯಾಂಕಿನಲ್ಲಿ ಏರ್ ಇದ್ದರೆ ಪೆಡಲು ಕೆಲಸ ಮಾಡುತ್ತದೆ. ಪೂರಾ ಇಳಿದರೆ ಒಳಗಿನ ಸ್ಪ್ರಿಂಗು ಹಿಂದಿನ ಗಾಲಿಗಳನ್ನು ಹಿಡಿದುಬಿಡುತ್ತದೆ. ಎರಡರ ನಡುವೆ ಒಂದು ಹೊತ್ತು ಬರುತ್ತದೆ, ಆಗ ಯಾವುದನ್ನೂ ನೆಚ್ಚುವ ಹಾಗಿಲ್ಲ. ಅದಕ್ಕೇ ಏರ್ ಕಡಿಮೆಯಾದ ಕೂಡಲೇ ಎಚ್ಚರಿಸಲು ಒಂದು ಬಜರ್ ಇರುತ್ತದೆ. ನಾನು ಅಷ್ಟು ಹೊತ್ತು ಕೇಳುತ್ತ ಕೂತಿದ್ದು ಅದನ್ನೇ.

"ಬಜರ್ ಕೆಟ್ಟಿರಬೇಕು," ಅಂದರು ಅವರು. ಅದು ಆಗಲೂ ಕೀಂ ಎನ್ನುತ್ತಲೇ ಇತ್ತು.

ಕೆಳಗಿಳಿದು ಗಾಲಿಗಳಿಗೆ ಕಲ್ಲು ಕೊಟ್ಟರು. ಎಂಜಿನ್ ಓಡಿಸಿ ಏರ್ ತುಂಬಿದರು, ಮುಳ್ಳು ಮೇಲೇರಿತು, ಸಪ್ಪಳ ನಿಂತಿತು. ಎಂಜಿನ್ ಬಂದ್ ಮಾಡಿ ನೋಡಿದರೆ ಮುಳ್ಳು ಇದ್ದಲ್ಲೇ ಇತ್ತು. ಹ್ಯಾಂಡ್ ಬ್ರೇಕು ಬಿಟ್ಟ ಕೂಡಲೇ ಸರಸರ ಇಳಿಯತೊಡಗಿತು.

"ಹ್ಯಾಂಡ್ ಬ್ರೇಕ್ ಬಿಟ್ಟಾಗಷ್ಟ ಸೋರತೈತಿ. ಅಂದ್ರ ಹಿಂದಿನ ಗಾಲಿಗೆ ಹೋಗೂ ಪೈಪಿನ್ಯಾಗ ಐತಿ," ಅಂದು, ಆ ಸಣ್ಣ ಹಿಡಿಕೆಯನ್ನು ನನಗೆ ತೋರಿಸಿದರು. "ನಾ ಕೆಳಗ ಹೋಗಿ ಹೂಂ ಅಂತೇನಿ, ಬಿಡು. ಸಾಕಂದ್ರ ಎಳಿ."

ಅವರು ಹೂಂ ಅಂದರು, ಹಿಡಿಕೆ ಬಿಟ್ಟೆ. ಬಿಟ್ಟ ಕೂಡಲೇ ಹಿಂದಿನಿಂದ ಸುಂಯ್ ಎಂದು ಗಾಳಿ ಹೋಗುವ ಸಪ್ಪಳ ಕ್ಯಾಬಿನ್ನಿಗೇ ಕೇಳಿಸಿತು. ಅವರು ಸಾಕು ಅಂದರು, ಎಳೆದೆ, ನಿಂತಿತು. ಮತ್ತೊಮ್ಮೆ ಬಿಟ್ಟೆ, ಮತ್ತೆ ಸುಂಯ್. ಅವರು ಮೊಣಕಾಲಿನ ಮಣ್ಣು ಜಾಡಿಸುತ್ತ ಎದ್ದು ಬಂದರು.

"ಎಲ್ಲೂ ಸಪ್ಪಳಿಲ್ಲ."

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಅವರ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಆಗ ಒಂದೊಂದೇ ನೆನಪಿಗೆ ಬಂತು. ಒಲೆಯ ಮೇಲೆ ಕುಕ್ಕರು ಕೂಗಿ ಕೂಗಿ ಬೇಳೆ ತಳ ಹತ್ತಿದ್ದು, ಅವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದುದು. ಮಗಳ ಫೋನು ಬಂದರೆ ಎರಡು ಮಾತಾಡಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದುದು. ಈ ಮನುಷ್ಯ ದಿನಾಲೂ ಲಾರಿ ಓಡಿಸುತ್ತಾರೆ.

"ನಾ ಹೋಗ್ತೇನ್ರಿ ಕೆಳಗ," ಅಂದೆ.

"ಹುಚ್ಚ ಹಿಡದೈತೇನ ನಿನಗ?"

"ನನಗ ಕೇಳಾಕತ್ತೈತಿ. ನಿಮಗ ಕೇಳವಲ್ದು."

ಅವರು ಪ್ಲಾಸ್ಟಿಕ್ ಮಗ್ಗಿನಲ್ಲಿ ಸೋಪಿನ ನೀರು ಕಲಸಿ, ನಟ್ಟು ಬಿಗಿಯುವ ಒಂದು ಪಾನಾ ಜೊತೆಗಿಟ್ಟು ನನ್ನ ಕೈಗೆ ಕೊಟ್ಟು, ಕ್ಯಾಬಿನ್ ಹತ್ತಿದರು.

ಸೀರೆಯ ನೆರಿಗೆ ಮೊಣಕಾಲಿನ ನಡುವೆ ಸಿಗಿಸಿಕೊಂಡು ಹಿಂದಿನ ಗಾಲಿಗಳ ಸಂದಿಗೆ ನುಸುಳಿದೆ. ಮೇಲೆಲ್ಲ ಬಿಸಿ ಕಬ್ಬಿಣ, ಗ್ರೀಸು, ಕೆಂಪು ಧೂಳು. ಕೈ ಹೊರಗೆ ಚಾಚಿ ಬೀಸುತ್ತ ಬಿಡ್ರಿ ಎಂದು ಜೋರಾಗಿ ಕೂಗಿದೆ, ಬಿಟ್ಟರು. ಸಪ್ಪಳ ನನ್ನ ಎಡಗಿವಿಯ ಹತ್ತಿರವೇ ಎದ್ದಿತು. ಕಪ್ಪು ಪೈಪೊಂದು ಕಬ್ಬಿಣದ ಅಂಚಿಗೆ ತಿಕ್ಕಿ ತಿಕ್ಕಿ ಸವೆದಿತ್ತು. ಸೋಪಿನ ನೀರು ಸುರಿದೆ. ನೊರೆ ಬುಸುಬುಸು ಉಬ್ಬಿತು.

"ಸಿಕ್ತು! ಎಳೀರಿ!"

ಎಳೆಯಲಿಲ್ಲ.

"ಎಳೀರಿ! ಹ್ಯಾಂಡ್ ಬ್ರೇಕ್ ಎಳೀರಿ!"

ಅಷ್ಟರಲ್ಲಿ ಗಾಲಿಯ ಕೆಳಗಿನ ಕಲ್ಲು ಕರ್ ಎಂದಿತು. ಗಾಲಿ ಅಲುಗಿತು. ನನ್ನ ಮುಖದ ಮುಂದೆಯೇ ಟಾಯರಿನ ಉಬ್ಬುಗಳು ಒಂದು ಬೆರಳು, ಮತ್ತೊಂದು ಬೆರಳು ಸರಿದವು. ಸೆರಗು ಯಾವುದಕ್ಕೋ ಸಿಕ್ಕಿಬಿದ್ದಿತ್ತು, ಹೊರಗೆ ಬರಲು ಆಗಲಿಲ್ಲ. ಮೂರನೆಯ ಸಲ ಕೂಗಿದೆನೋ ಅತ್ತೆನೋ ಗೊತ್ತಿಲ್ಲ. ಕೈಯಲ್ಲಿ ಪಾನಾ ಇದ್ದದ್ದು ಆಗ ನೆನಪಾಯಿತು. ಮೇಲಿನ ಕಬ್ಬಿಣಕ್ಕೆ ಕಣ್ಣು ಮುಚ್ಚಿ ಹೊಡೆದೆ, ಹೊಡೆಯುತ್ತಲೇ ಇದ್ದೆ.

ಬಡಿತ ಕ್ಯಾಬಿನ್ನಿಗೆ ತಟ್ಟಿ ಅವರು ಎಳೆದಿರಬೇಕು, ಬುಸ್ ಎಂದು ಗಾಳಿ ಬಿಟ್ಟುಕೊಂಡಿತು. ಗಾಲಿ ಕಚ್ಚಿ ನಿಂತಿತು.

ಸೆರಗು ಹರಿದುಕೊಂಡು ಹೊರಗೆ ಬಂದಾಗ ಅವರು ನನ್ನ ಕಡೆಗೆ ಓಡಿ ಬರುತ್ತಿದ್ದರು. ರಸ್ತೆಯ ಆಚೆಯ ಹೊಲದಿಂದ ಕುರಿ ಕಾಯುವ ಮುದುಕನೊಬ್ಬ ಕೋಲು ಎತ್ತಿಕೊಂಡು ಅವರಿಗಿಂತ ಜೋರಾಗಿ ಓಡಿ ಬಂದಿದ್ದ. ಸರಿದ ಕಲ್ಲು ನೋಡಿ, ನನ್ನ ನೋಡಿ, ನನ್ನ ಗಂಡನಿಗೆ ಕೇಳಿದ.

"ಯಪ್ಪಾ, ಈ ತಾಯಿ ಒದರಿದ್ದು ನನಗ ಆ ಬೇವಿನ ಗಿಡದ ತನಕ ಕೇಳಿಸ್ತು. ನಿಮಗ ಕೇಳಲಿಲ್ಲೇನ್ರಿ?"

ನನ್ನ ಗಂಡ ರಸ್ತೆಯ ಬದಿಗೆ ಕುಕ್ಕರಿಸಿ ಕೂತರು. ಎರಡೂ ಕೈ ತಲೆಯ ಮೇಲಿಟ್ಟುಕೊಂಡರು. ಮುದುಕ ಮತ್ತೇನೂ ಕೇಳದೆ ದೊಡ್ಡ ಕಲ್ಲೊಂದನ್ನು ಉರುಳಿಸಿ ತಂದು ಗಾಲಿಗೆ ಕೊಟ್ಟ.

ಶಹರದಿಂದ ಲಾರಿ ರಿಪೇರಿಯ ಮೇಸ್ತ್ರಿ ಬಂದು ಹೊಸ ಪೈಪು ಕೂಡಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೋಲ್ಡ್ ಸ್ಟೋರೇಜಿನವರೆಗೆ ನಾನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

ವಾರದೊಳಗೆ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸಪ್ಪಳ ಕೇಳಿದರೆ ಕೈ ಎತ್ತಲು ಹೇಳಿದರು. ಹೊರಗೆ ಗುಂಡಿ ಒತ್ತುತ್ತಿದ್ದ ಹುಡುಗಿಯ ಬೆರಳು ನನಗೆ ಕಾಣುತ್ತಿತ್ತು. ಮೊದಮೊದಲು ಕೈ ಎತ್ತಿದರು. ಆಮೇಲೆ ಅವಳು ಒತ್ತಿದಳು, ಒತ್ತಿದಳು, ಮತ್ತೆ ಒತ್ತಿದಳು. ಅವರು ಸಾಲೆಯ ಹುಡುಗನ ಹಾಗೆ ಸೆಟೆದು ಕೂತು ಸಪ್ಪಳ ಬರುವುದನ್ನು ಕಾಯುತ್ತಲೇ ಇದ್ದರು. ನನಗೆ ನೋಡಲಾಗಲಿಲ್ಲ.

ಬರುವಾಗ ಸಿದ್ಧೇಶ್ವರ ಗುಡಿಯ ಹತ್ತಿರ ಚಹಾ ಕುಡಿಯುತ್ತ ಹೇಳಿದರು: "ಎರಡ ವರ್ಷಾತು. ಸಣ್ಣ ಸಪ್ಪಳ ಯಾವೂ ಬರೂದಿಲ್ಲ, ದೂರಿಂದ ಕರದ್ರೂ ಕೇಳೂದಿಲ್ಲ. ಹೇಳಿದ್ರ ನೀ ಲಾರಿ ಬಿಡಸ್ತಿದ್ದಿ."

"ಹೌದು, ಬಿಡಸ್ತಿದ್ದೆ," ಅಂದೆ.

"ನನಗೂ ಹೆದರಿಕಿ ಆಗತಿತ್ತು. ದಿನಾ ಆಗತಿತ್ತು."

ಮೂರು ತಿಂಗಳು ಲಾರಿಗೆ ಬೇರೆ ಡ್ರೈವರ್ ಇದ್ದ. ಕಿವಿಯ ಮಶೀನು ರೂಢಿಯಾಗಿ, ಡಾಕ್ಟರು ಮತ್ತೆ ನೋಡಿ ಒಪ್ಪಿದ ಮೇಲೆ ಬಬಲೇಶ್ವರಕ್ಕೆ ಮೊದಲ ಟ್ರಿಪ್ಪು ಹೋದರು. ಜೊತೆಗೆ ನಾನೂ ಹೋದೆ. ಅರ್ಧ ದಾರಿಯಲ್ಲಿ, ಕಿಟಕಿಯ ಗಾಳಿ ಗದ್ದಲ ಮಾಡುತ್ತದೆಂದು ಮಶೀನು ತೆಗೆದು ಜೇಬಿಗೆ ಹಾಕಿಕೊಂಡರು. ಲಾರಿ ನಿಲ್ಲಿಸುವವರೆಗೆ ಜಗಳ ತೆಗೆದೆ. ಬೈದುಕೊಂಡು ಮತ್ತೆ ಕಿವಿಗೆ ಸಿಗಿಸಿಕೊಂಡು, ಕಿಟಕಿಯ ಗಾಜು ಏರಿಸಿದರು.

ಈಗ ಒಬ್ಬರೇ ಹೋಗುತ್ತಾರೆ. ಮಶೀನು ಹಾಕಿಕೊಂಡೇ ಓಡಿಸುತ್ತಾರೋ ಇಲ್ಲವೋ, ನಾನು ನೋಡಿಲ್ಲ.